ಅಕ್ಕನಿಗೆ ತಿಮಿಂಗಿಲ ತೋರಿಸಬೇಕು

ಮಾರ್ಚ್ 5, ಬೆಳಿಗ್ಗೆ 8
ಅಂಗಡಿ ತೆರೆದೆ. ಕತ್ತರಿಗೆ ಎಣ್ಣೆ ಬಿಟ್ಟೆ, ಕನ್ನಡಿ ಒರೆಸಿದೆ. ಮೊದಲ ಗಿರಾಕಿ ಭೂಗೋಳದ ಮೇಷ್ಟ್ರು. ತಲೆಯ ಮೇಲೆ ಕೂದಲು ಹದಿನೈದು, ಕತ್ತರಿಸಲು ಸೂಚನೆ ಮೂವತ್ತು. ಅಷ್ಟರಲ್ಲಿ ಅಕ್ಕನ ಫೋನ್.
"ಟಿಕೆಟ್ ಬುಕ್ ಮಾಡಿದ್ಯೇನೋ?"
ಅಕ್ಕ ಕಣ್ಣಿನ ಪೊರೆ ತೆಗೆಸಿಕೊಂಡು ಎರಡು ತಿಂಗಳಾಯಿತು. ಡಾಕ್ಟರು ಪಟ್ಟಿ ಬಿಚ್ಚಿದ ದಿನವೇ ಹಟ ಶುರು. "ನಲವತ್ತು ವರ್ಷ ಸೂಜಿ ಕಣ್ಣು ನೋಡಿದ್ದೇ ಆಯ್ತು. ಇನ್ನು ಎಲ್ಲಕ್ಕಿಂತ ದೊಡ್ಡದನ್ನ ತೋರಿಸು." ಹೊಲಿಗೆ ಯಂತ್ರ ತುಳಿದು ನನ್ನನ್ನು ಸಾಕಿದವಳು. ಇಲ್ಲ ಎನ್ನುವುದು ಹೇಗೆ? ಬುಕ್ ಮಾಡಿದೆ. ತಿಮಿಂಗಿಲ ನೋಡುವ ದೋಣಿ, ಹದಿನಾರನೇ ತಾರೀಕು ಭಾನುವಾರ, ಮೂರು ಗಂಟೆ ಕಾಲ ಕಡಲ ಮೇಲೆ.
ನನಗೆ ಲಿಫ್ಟ್‌ನಲ್ಲೇ ಹೊಟ್ಟೆ ತೊಳಸುತ್ತದೆ... ಅಕ್ಕನಿಗೆ ಹೇಳಿಲ್ಲ.

ಮಾರ್ಚ್ 8, ಮಧ್ಯಾಹ್ನ
ದೋಣಿಗೆ ಅಭ್ಯಾಸ ಆರಂಭ. ಗಿರಾಕಿ ಇಲ್ಲದ ಹೊತ್ತು ನೋಡಿ ಕ್ಷೌರದ ಕುರ್ಚಿಯಲ್ಲಿ ನಾನೇ ಕುಳಿತೆ. ಹರಟೆಗೆ ಬಂದಿದ್ದ ಮೇಷ್ಟ್ರು ತಿರುಗಿಸಿದರು.
"ಭೂಮಿ ಇದಕ್ಕಿಂತ ಜೋರಾಗಿ ತಿರುಗ್ತಿದೆ ಕಣಯ್ಯ. ಯಾವತ್ತಾದ್ರೂ ವಾಂತಿ ಮಾಡ್ಕೊಂಡಿದ್ದೀಯಾ?"
ಎಂಟನೇ ಸುತ್ತಿಗೆ ಭೂಗೋಳದ ಮೇಲಿನ ನಂಬಿಕೆ ಹೋಯಿತು. ಒಂಬತ್ತನೆಯದಕ್ಕೆ ಬೆಳಗಿನ ತಿಂಡಿ. ಒರೆಸಿದ್ದೂ ನಾನೇ.

ಮಾರ್ಚ್ 11
ಅಕ್ಕ ಇಬ್ಬರಿಗೂ ರೇನ್‌ಕೋಟ್ ಹೊಲಿದಿದ್ದಾಳೆ. ಕಣ್ಣು ಕುಕ್ಕುವ ಹಳದಿ.
"ಇಷ್ಟೊಂದು ಹಳದಿ ಯಾಕಕ್ಕ?"
"ನೀರಿಗೆ ಬಿದ್ರೆ ಹುಡುಕೋಕೆ ಸುಲಭ."
ಊಟ ಸೇರಲಿಲ್ಲ.

ಮಾರ್ಚ್ 15, ಸಂಜೆ 5
ದೋಣಿಯ ಕ್ಯಾಪ್ಟನ್ ಫೋನ್ ಮಾಡಿದ. "ನಾಳೆ ಏಳಕ್ಕೆ ಹೊರಡೋದು. ಬರ್ತೀರಲ್ಲ ಸರ್?" ಬಾಯಿ ತನ್ನಷ್ಟಕ್ಕೆ ತಾನೇ ಹೇಳಿತು — "ಅಕ್ಕನಿಗೆ ಜ್ವರ." ಅಕ್ಕನಿಗೆ ಬೇರೆ ಸುಳ್ಳು. ಅಲೆ ಜೋರಂತೆ, ದೋಣಿ ಕ್ಯಾನ್ಸಲ್ ಅಂತೆ.
"ಹೋಗ್ಲಿ ಬಿಡೋ. ಸಮುದ್ರ ಏನು ನಮ್ಮಪ್ಪಂದಾ?" ಅಂದಳು. ಕಟ್ಟಿಟ್ಟ ಬ್ಯಾಗ್ ಬಿಚ್ಚಿ ಒಂದೊಂದೇ ಬಟ್ಟೆಯನ್ನು ಮತ್ತೆ ಕಪಾಟಿಗಿಟ್ಟಳು. ಬೈದಿದ್ದರೆ ಚೆನ್ನಾಗಿತ್ತು.

ಮಾರ್ಚ್ 17
ಮೇಷ್ಟ್ರು ಗಡ್ಡ ಬೋಳಿಸಿಕೊಳ್ಳಲು ಬಂದರು. ಊಟದ ಡಬ್ಬಿ ಹಿಡಿದು ಅಕ್ಕನೂ ಆಗಲೇ ಬಂದಳು.
"ನಿನ್ನೆ ದೋಣಿಯವರಿಗೆ ಎರಡು ತಿಮಿಂಗಿಲ ಕಂಡ್ವಂತೆ! ಸಮುದ್ರ ತಟ್ಟೆ ಹಾಗಿತ್ತಂತೆ! ನೀವ್ಯಾಕೆ ಹೋಗ್ಲಿಲ್ಲ?" ಮೇಷ್ಟ್ರು ಕೇಳಿದರು.
ಅವರ ಗಲ್ಲದ ಮೇಲೆ ನನ್ನ ಕತ್ತಿ ನಿಂತಿತು. ಅಕ್ಕ ಡಬ್ಬಿ ಇಟ್ಟಳು, ಹೋದಳು.

ಮಾರ್ಚ್ 21
ನಾಲ್ಕು ದಿನದಿಂದ ಮನೆಯಲ್ಲಿ ಬರೀ ಪಾತ್ರೆಗಳ ಸದ್ದು. ಇವತ್ತು ಹೊಲಿಗೆ ಯಂತ್ರದ ಮುಂದೆ ನಿಂತು ಎಲ್ಲ ಒಪ್ಪಿಕೊಂಡೆ — ಲಿಫ್ಟು, ಕುರ್ಚಿ, ಜ್ವರ. ಅಕ್ಕ ಪೆಡಲ್‌ನಿಂದ ಕಾಲು ತೆಗೆದಳು.
"ಹೆದರಿಕೆ ಅಂತ ಹೇಳಿದ್ರೆ ನಾನೊಬ್ಬಳೇ ಹೋಗ್ತಿದ್ನಲ್ಲೋ ಕೋತಿ! ನನಗ್ಯಾಕೆ ಜ್ವರ ಬರಿಸಿದೆ?"
ನಕ್ಕಳು. ನಾನೂ ನಕ್ಕೆ. ಆದರೆ 'ಒಬ್ಬಳೇ' ಅಂದದ್ದು ನಾಟಿತು. ಹೊರಗೆ ಬಂದು ಕ್ಯಾಪ್ಟನ್‌ಗೆ ನಾನೇ ಫೋನ್ ಮಾಡಿದೆ. ಭಾನುವಾರ, ಎರಡು ಸೀಟು.

ಮಾರ್ಚ್ 23, 9.20, ದೋಣಿಯಲ್ಲಿ
ಅಕ್ಷರ ಸೊಟ್ಟಗಿದ್ದರೆ ತಪ್ಪು ಅಲೆಯದು. ನನಗೆ ಏನೂ ಆಗಿಲ್ಲ! ಆಗಿರುವುದು ಅಕ್ಕನಿಗೆ. ಎರಡು ಗಂಟೆಯಿಂದ ಮುಖ ಪ್ಲಾಸ್ಟಿಕ್ ಚೀಲದೊಳಗೆ. ಬೆನ್ನು ನೀವುತ್ತಾ ಕುಳಿತಿದ್ದೇನೆ. ನನ್ನ ಹೊಟ್ಟೆಯನ್ನು ವಿಚಾರಿಸಿಕೊಳ್ಳಲು ಪುರಸೊತ್ತೇ ಸಿಕ್ಕಿಲ್ಲ.
ತಿಮಿಂಗಿಲದ ಸುಳಿವಿಲ್ಲ. ಕ್ಯಾಪ್ಟನ್ ದುರ್ಬೀನು ಇಳಿಸಿದ. "ಇವತ್ತು ಅದೃಷ್ಟ ಇಲ್ಲ ಸರ್. ವಾಪಸ್ ತಿರುಗಿಸ್ತೀನಿ."
ಅಕ್ಕ ತಲೆ ಎತ್ತಿದಳು. ಮುಖ ಸುಣ್ಣದ ಹಾಗಿದೆ. ನನ್ನ ತೋಳು ಹಿಡಿದು ಎಡಕ್ಕೆ ನೋಡಿದಳು.
"ಲೋ... ಆ ಬಂಡೆ ಉಸಿರು ಬಿಡ್ತಿದೆ ಕಣೋ."
ಬಂಡೆಯಲ್ಲ. ಏಳುತ್ತಿದೆ... ಇನ್ನೂ ಏಳುತ್ತಿದೆ... ಮುಗಿಯುತ್ತಲೇ ಇಲ್ಲ! ಅಕ್ಕ ಎದ್ದು ನಿಲ್ಲಬೇಕಂತೆ. ಅವಳನ್ನು ಹಿಡಿದುಕೊಳ್ಳಲು ಎರಡೂ ಕೈ ಬೇಕು, ಈ ಪೆನ್ನು —