ಬೀಗ ಹಾಕಿದ ಮನೆಯ ಫೋಟೋ

ಸವಣೂರು, ಶುಕ್ರವಾರ

ಪುರಸಭೆಯ ಮುಖ್ಯಾಧಿಕಾರಿ ಸಾಹೇಬರಿಗೆ ಸಮತಾಳ ನಮಸ್ಕಾರಗಳು.

ನಿಮ್ಮ ಕಚೇರಿಗೆ ಎರಡು ಸಲ ಬಂದು, ಮಾತಾಡಲು ಅಂಜಿ ಹಿಂದಿರುಗಿದೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಪಕ್ಕದ ಐದು ಅಂತಸ್ತಿನ ಕಟ್ಟಡಕ್ಕೆ ಟವರ್ ಕ್ರೇನ್ ನಿಲ್ಲಿಸಲು ಗುತ್ತಿಗೆದಾರರು ಪರವಾನಗಿ ಕೇಳಿದ್ದಾರೆ. ಅದರ ತೋಳು ಕಬ್ಬಿಣ ಹೊತ್ತು ನಮ್ಮ ಮನೆಯ ಹಂಚಿನ ಮೇಲೆಯೇ ತಿರುಗುತ್ತದೆ. ಅರ್ಜಿಯಲ್ಲಿ ನಮ್ಮದು ಯಾರೂ ಇಲ್ಲದ ಮನೆ ಎಂದು ಬರೆದು, ಬಾಗಿಲಿಗೆ ಬೀಗವಿರುವ ಫೋಟೋ ಹಚ್ಚಿದ್ದಾರೆ. ಗುಮಾಸ್ತರ ಮೇಜಿನ ಮೇಲೆ ನಾನೇ ನೋಡಿದೆ. ಸಾಹೇಬರೇ, ನಮ್ಮಲ್ಲಿ ಬೀಗವೇ ಇಲ್ಲ. ಹೋದ ತಿಂಗಳು ರಟ್ಟೀಹಳ್ಳಿಯ ಮದುವೆಗೆ ಹೋದಾಗಲೂ ಚಿಲಕ ಹಾಕಿ, ಎದುರುಮನೆಯ ಫಕ್ಕೀರವ್ವನಿಗೆ ಹೇಳಿ ಹೋಗಿದ್ದೆವು. ಆ ಬೀಗ ಯಾರದು?

ನಿನ್ನೆ ಕಟ್ಟಡದ ಮೇಸ್ತ್ರಿ ಬಂದು ಅವ್ವನಿಗೆ, “ಯವ್ವಾ, ಚಿಕ್ಕೇರೂರಾಗಿನ ಮಗಳನ್ನ ನೋಡ್ಕೊಂಡ ಬರ್ರಿ. ಸೋಮವಾರ ನಮ್ಮ ಗಾಡಿ ಕಳಸ್ತೇನಿ. ಈ ಸಣ್ಣಾಕಿನ್ನೂ ಕರಕೊಂಡ ಹೋಗ್ರಿ” ಎಂದ. ಅವ್ವ ಹಿಗ್ಗಿದಳು. ಫಕ್ಕೀರವ್ವ ಮಾತ್ರ, “ಮೊನ್ನೆ ಮಟ ಮಾರಿ ತಿರುವಾಂವಗ ಇವತ್ತ ಯಾಕ ಇಷ್ಟ ಅಕ್ಕರತಿ?” ಎಂದಳು.

ಸೋಮವಾರವೇ ನಿಮ್ಮ ಎಂಜಿನಿಯರ್ ಸಾಹೇಬರು ಜಾಗ ನೋಡಲು ಬರುತ್ತಾರೆಂದು ಕಚೇರಿಯಲ್ಲಿ ಕೇಳಿದ್ದೇನೆ.

ಅಕ್ಕನ ಮುಖ ನೋಡಿ ವರ್ಷವಾಯಿತು, ಅವ್ವನನ್ನು ತಡೆಯಲಾರೆ. ಹೊಟ್ಟೆನೋವೆಂದು ಹೇಳಿ ನಾನು ಉಳಿಯುತ್ತೇನೆ. ಎಂಜಿನಿಯರ್ ಸಾಹೇಬರು ದಯವಿಟ್ಟು ಹೊರಗಿನಿಂದಲೇ ನೋಡಿ ಹೋಗದೆ ಒಳಗೆ ಬರಲಿ. ಅವರೆದುರು ನನಗೆ ಮಾತು ಹೊರಡಲಿಕ್ಕಿಲ್ಲ. ಒಲೆ ಹೊತ್ತಿಸಿ ಇಟ್ಟಿರುತ್ತೇನೆ.

ಇಂತಿ,
ಈ ಮನೆಯಲ್ಲಿ ಇರುವ
ಸಮತಾ