ಠಾಣಾ ಕುಶನೂರದಾಗ ಇಳಸಬ್ಯಾಡ್ರಿ

ಪ್ರಣಿತಾನ ಪಪ್ಪಾ,

ಫೋನ್ ಚಾರ್ಜಿಂಗಿಗೆ ಹಚ್ಚಿ ವಾಕಿಂಗಿಗೆ ಹೋಗೀರಿ, ಹಿಂಗಾಗಿ ಇಷ್ಟು ದೊಡ್ಡ ಸುದ್ದಿ ಚೀಟ್ಯಾಗ ಬರೀಬೇಕಾಗ್ಯದ. ಮಗಳು ಹೈದರಾಬಾದಿಂದ ಫೋನ್ ಮಾಡಿದ್ಳು. ನಿಮ್ಮ ಮಿದುಳಿನ ಸ್ಕ್ಯಾನ್ ಸಾಫ್ ಬಂದದ! ಕೈ ನಡುಗೋ ಬ್ಯಾನಿದು ಈಗ ಒಂದು ಗುರುತೂ ಇಲ್ಲಂತ. ನಿದ್ದ್ಯಾಗ ಒದರಿ ಒದಿಯೋರಿಗೆ ಮುಂದ ಅದು ಬರೋ ಅಂಜಿಕಿ ಇರ್ತದಂತ, ಅದಕ್ಕ ವರ್ಷಕ್ಕೊಮ್ಮೆ ತೋರಸಬೇಕಂತ ಡಾಕ್ಟರು ಹೇಳ್ಯಾರ. ತೋರಸೋಣ, ಅದಕ್ಕೇನು!

ಅಳಬ್ಯಾಡ್ರಿ. ನಾ ಅತ್ತು ಮುಗಿಸೀನಿ.

ಗ್ಯಾಸಿನ ಮ್ಯಾಲ ಬ್ಯಾಳಿ ಅದ, ಬಿಸಿ ಮಾಡ್ಕೊಂಡು ಉಣ್ರಿ. ಗುಳಿಗಿ ಮುಗದಾವ, ಇವತ್ತೇ ತಂದಿಡ್ರಿ. ಸ್ಕ್ಯಾನ್ ಸಾಫ್ ಬಂತು ಅಂದ್ರ ಗುಳಿಗಿ ಬಂದ್ ಅಂತಲ್ಲ. ಡಬ್ಬ್ಯಾಗಿನ ಪೇಢೆ ನಿಮಗ, ಎಲ್ಲಾ ಒಮ್ಮೆಲೆ ತಿನಬ್ಯಾಡ್ರಿ. ನಾ ಭಾತಂಬ್ರಾಕ್ಕ ಹೋಗಿ ಅಕ್ಕಗ ಪೇಢೆ ಕೊಟ್ಟು ಸಂಜೀಕ ಬರ್ತೇನಿ.

ಮಂಚ ಎಬ್ಬಿಸಿ ಗ್ವಾಡಿಗೆ ಹಚ್ಚೀನಿ, ನೆಲಕ್ಕ ಎರಡೂ ಗಾದಿ ಹಾಸೀನಿ. ತೆಗೀಬ್ಯಾಡ್ರಿ. ಎಂಟು ತಿಂಗಳು ಅಡಿಗಿಮನ್ಯಾಗ ಮಲಗಿ ಸಾಕಾಗ್ಯದ. ಕಂಡಕ್ಟರ್ ನೌಕರಿ ಮುಗದು ಆರು ವರ್ಷ ಆದ್ರೂ ನಿಮ್ಮ ಕನಸಿನಾಗ ಭಾಲ್ಕಿ-ಔರಾದ ಬಸ್ ಇನ್ನೂ ನಿಂತಿಲ್ಲ. "ಠಾಣಾ ಕುಶನೂರ ಬಂತು, ಇಳೀರಿ ಬಾಯಿ" ಅಂತ ಒದ್ದು ದಿನಾ ನನ್ನ ಮಂಚದಿಂದ ಕೆಳಗ ಇಳಸ್ತಿದ್ರಿ. ಇನ್ನ ನಾ ನೆಲದ ಮ್ಯಾಲೇ ಮಲಗ್ತೇನಿ, ಎಲ್ಲಿಗೆ ಇಳಸ್ತೀರಿ ನೋಡೋಣ.

ಕಂಡಕ್ಟರ್ ಸಾಹೇಬ್ರ, ನಂದು ಔರಾದದ ಟಿಕೆಟ್, ಕಡೀ ಸ್ಟಾಪಿಂದು.

ಕೌಸಲ್ಯಾ