ಗೈತ್ ಮುಳುಗಲಿಲ್ಲ

ಬಂದರು ರಕ್ಷಣಾ ಕಚೇರಿಯ ಮುಖ್ಯಾಧಿಕಾರಿಗಳೇ,

ಮಾನ್ಯರೇ, ಗೈತ್ ಆಯಾಸದಿಂದ ಮುಳುಗಿ ಸತ್ತನೆಂದು ನೀವು ಬರೆದಿದ್ದೀರಿ. ಗೈತ್ ಮುಳುಗಲಿಲ್ಲ. ಅವನ ಮೇಲೆ ಜಿಲೆಟಿನ್ ಸಿಡಿಮದ್ದು ಎಸೆದರು, ಅವನು ಸತ್ತ. ಅವನಿಂದ ಒಂದು ಫುಟ್‌ಬಾಲ್ ಮೈದಾನದಷ್ಟು ದೂರದಲ್ಲಿ, ಅದೇ ನೀರಿನಲ್ಲಿ ನಾನಿದ್ದೆ. ಅವತ್ತಿನಿಂದ ನನ್ನ ಎಡಗಿವಿ ಕೇಳುವುದಿಲ್ಲ. ಆದ್ದರಿಂದ ನಿಮ್ಮವರು ನನಗೆ ಬುದ್ಧಿ ಹೇಳಲು ಮತ್ತೆ ಬರುವುದಾದರೆ ದಯವಿಟ್ಟು ಬಲಗಡೆ ನಿಂತು ಹೇಳಲಿ.

ನಾನು ಯಾರು ಎಂಬುದನ್ನು ಹುಡುಕುವ ಶ್ರಮ ನಿಮಗೆ ಬೇಡ. ನನ್ನ ಹೆಸರು ಸಾಲ್ಹೀನ್. ಬೆನ್‌ಗಾಝಿ ರಸ್ತೆ ನಮ್ಮ ಊರೊಳಗೆ ಬರುವಲ್ಲಿ ಟಯರ್ ರಿಪೇರಿ ಮಾಡುತ್ತೇನೆ. ಒಂಬತ್ತನೇ ತರಗತಿಯಲ್ಲಿ ಶಾಲೆ ಬಿಟ್ಟೆ. ಯಾರೂ ಓಡಿಸಲಿಲ್ಲ, ನನಗೇ ಒಂದು ಕಡೆ ಕೂರಲು ಆಗುತ್ತಿರಲಿಲ್ಲ. ಹಾಗೆ ಕೂರಲಾಗದ ಹುಡುಗರು ನಮ್ಮಲ್ಲಿ ಏನಾಗುತ್ತಾರೆಂದು ನಿಮಗೆ ಗೊತ್ತು, ಅರ್ಧದಷ್ಟು ಮಂದಿ ನಿಮ್ಮ ಗೇಟಿನಲ್ಲೇ ಬಂದೂಕು ಹಿಡಿದು ನಿಂತಿದ್ದಾರೆ. ನನ್ನನ್ನು ಆ ಗೇಟಿಗೆ ಹೋಗದಂತೆ ತಡೆದವನು ಗೈತ್. ಅವನು ಉಪ್ಪುನೀರನ್ನು ಸಿಹಿನೀರು ಮಾಡುವ ಸ್ಥಾವರದಲ್ಲಿ ಪಂಪುಗಳನ್ನು ನೋಡಿಕೊಳ್ಳುತ್ತಿದ್ದ. ಒಂದು ದಿನ ತನ್ನ ಸೈಕಲ್ಲಿನ ಟ್ಯೂಬು ಹಿಡಿದುಕೊಂಡು ಅಂಗಡಿಗೆ ಬಂದ. ನಾನು ತೇಪೆ ಹಾಕುವಷ್ಟು ಹೊತ್ತು ಒಂದು ವಿಚಿತ್ರ ಸ್ಪರ್ಧೆಯ ಬಗ್ಗೆ ಹೇಳಿದ. ಮೊದಲು ಸಮುದ್ರದಲ್ಲಿ ಸುಮಾರು ನಾಲ್ಕು ಕಿಲೋಮೀಟರ್ ಈಜಬೇಕು. ಒದ್ದೆ ಮೈಯಲ್ಲೇ ಎದ್ದು ನೂರೆಂಬತ್ತು ಕಿಲೋಮೀಟರ್ ಸೈಕಲ್ ತುಳಿಯಬೇಕು. ಇಳಿದವನೇ ಪೂರ್ತಿ ಮ್ಯಾರಥಾನ್ ಓಡಬೇಕು. ಎಲ್ಲವೂ ಒಂದೇ ದಿನದಲ್ಲಿ. ಸೋತವನಿಗೆ ಏನು ಶಿಕ್ಷೆ ಎಂದು ಕೇಳಿದೆ. ಅವನು ನಕ್ಕು, ಗೆದ್ದವನಿಗೂ ಇದೇ ಶಿಕ್ಷೆ ಎಂದ. ಮರುವಾರದಿಂದ ನಾನು ಅವನ ಹಿಂದೆ ಬಿದ್ದೆ.

ಬರುವ ಅಕ್ಟೋಬರಿನಲ್ಲಿ ಟ್ಯುನೀಶಿಯಾದ ಕರಾವಳಿಯಲ್ಲಿ ಅಂಥ ಒಂದು ಸ್ಪರ್ಧೆಯಿದೆ. ಇಬ್ಬರೂ ಹೆಸರು ಕೊಟ್ಟಿದ್ದೆವು. ಎರಡು ವರ್ಷದ ತಯಾರಿ ಅದು, ಮಾನ್ಯರೇ, ಮತ್ತು ನಮ್ಮ ಊರಿನಲ್ಲಿ ತಯಾರಿಯೆಂದರೆ ಸುಮ್ಮನೆ ಓಡುವುದಲ್ಲ. ಮದುವೆ ಮನೆಯ ಮುಂದೆ ಓಡುವಾಗ ಮೇಲಕ್ಕೆ ಹಾರಿಸಿದ ಗುಂಡುಗಳು ಎಲ್ಲಿ ಇಳಿಯುತ್ತವೆಂದು ಲೆಕ್ಕ ಹಾಕಿಕೊಂಡೇ ಓಡಬೇಕು. ನಾಯಿಗಳಿಗಾಗಿ ಸೈಕಲ್ಲಿನ ಕೊಳವೆಗೆ ಕೋಲು ಕಟ್ಟಿರಬೇಕು. ತಪಾಸಣೆ ಗೇಟಿನಲ್ಲಿ ನಮ್ಮ ಬಿಗಿ ಚಡ್ಡಿಯನ್ನು ನೋಡಿ ನಿಮ್ಮ ಸಿಪಾಯಿಗಳು ಪ್ರತಿಸಲವೂ, ಪ್ಯಾಂಟು ಕದ್ದ ಕಳ್ಳನನ್ನು ಅಟ್ಟಿಸಿಕೊಂಡು ಹೊರಟಿದ್ದೀರಾ ಎಂದು ಕೇಳುತ್ತಿದ್ದರು. ಹೌದು, ನಿಮ್ಮ ಹಾಗೇ ಇದ್ದ ಅವನು, ಎಂದು ಗೈತ್ ಹೇಳುತ್ತಿದ್ದ. ಅವರು ನಗುತ್ತಿದ್ದರು, ಬರುವಾಗ ಬ್ರೆಡ್ಡು ತರಲು ಹೇಳುತ್ತಿದ್ದರು, ಅವನು ತಂದು ಕೊಡುತ್ತಿದ್ದ. ಅವನ ಜೇಬಿನಲ್ಲಿ ಯಾವಾಗಲೂ ಎಳ್ಳಿನ ಹಿಟ್ಟಿನಲ್ಲಿ ಹೊರಳಿಸಿದ ಖರ್ಜೂರ ಇರುತ್ತಿತ್ತು. ನಾನು ಸುಸ್ತಾಗಿ ರಸ್ತೆಬದಿ ಕೂತು ಊರಿಗೆಲ್ಲ ಶಾಪ ಹಾಕುವಾಗ ಒಂದನ್ನು ನನ್ನ ಬಾಯಿಗೆ ತುರುಕಿ, ಈಗ ಬೈಯೋ ನೋಡೋಣ, ಎನ್ನುತ್ತಿದ್ದ.

ಈಗ ನಿಮ್ಮ ಕಾನೂನಿಗೆ ಬರುತ್ತೇನೆ. ಕಳೆದ ವಸಂತದಲ್ಲಿ ನೀವು ಒಂದು ಆದೇಶ ಹೊರಡಿಸಿದಿರಿ. ಅಲೆತಡೆ ಗೋಡೆಯಿಂದಾಚೆ ಈಜುವವರು ಸೊಂಟಕ್ಕೆ ಹಗ್ಗ ಕಟ್ಟಿ, ಕಿತ್ತಳೆ ಬಣ್ಣದ ತೇಲುಚೀಲವೊಂದನ್ನು ಎಳೆದುಕೊಂಡೇ ಈಜಬೇಕು. ದೋಣಿಯವರಿಗೆ ದೂರದಿಂದ ಕಾಣಲಿ, ಅಪಘಾತ ತಪ್ಪಲಿ. ಎಷ್ಟು ಒಳ್ಳೆಯ ಆದೇಶ. ಬೇರೆ ಯಾವುದಾದರೂ ಸಮುದ್ರದಲ್ಲಿ ಅದು ಜೀವ ಉಳಿಸುತ್ತಿತ್ತು. ಆದರೆ ನಮ್ಮ ಸಮುದ್ರದಲ್ಲಿ ಕಿತ್ತಳೆ ಬಣ್ಣಕ್ಕೆ ಏನು ಅರ್ಥವೆಂದು ನಿಮ್ಮ ಕಚೇರಿಗೆ ಗೊತ್ತಿರಲಿಲ್ಲವೇ? ನಮ್ಮ ಮೀನುಗಾರರು ತಾಳೆಗರಿಯನ್ನೂ ಹಳಸಿದ ಬ್ರೆಡ್ಡನ್ನೂ ಗೋಣಿಯಲ್ಲಿ ಕಟ್ಟಿ ಕಲ್ಲಿನ ಜೊತೆ ತಳಕ್ಕೆ ಇಳಿಬಿಡುತ್ತಾರೆ. ಮೇಲೆ ಗುರುತಿಗೆ ಒಂದು ಕಿತ್ತಳೆ ಬಣ್ಣದ ಡಬ್ಬಿ ತೇಲಿಸುತ್ತಾರೆ. ಕೆಲವು ದಿನ ಬಿಟ್ಟರೆ ಅದರ ಕೆಳಗೆ ಮೀನು ಸಂತೆ ಸೇರುತ್ತದೆ. ಆಗ ಜಿಲೆಟಿನ್ ಕಡ್ಡಿಗಳ ಕಟ್ಟಿನ ಬತ್ತಿಗೆ ಬೆಂಕಿ ಹಚ್ಚಿ ಎಸೆಯುತ್ತಾರೆ. ಡಬ್ಬಿಯ ಒಡೆಯ ದೋಣಿ ನಿಲ್ಲಿಸಿ, ನೋಡಿ, ನಿಧಾನವಾಗಿ ಎಸೆಯುತ್ತಾನೆ. ಇನ್ನೊಬ್ಬರ ಡಬ್ಬಿಗೆ ಕನ್ನ ಹಾಕುವವನು ಹಾಗೆ ಮಾಡುವುದಿಲ್ಲ. ಅವನು ಬೆಳಕು ಹರಿಯುವ ಹೊತ್ತಿಗೆ ಬರುತ್ತಾನೆ, ಓಡುವ ದೋಣಿಯಿಂದಲೇ ಎಸೆದು ದಾಟಿ ಹೋಗುತ್ತಾನೆ, ಸಿಡಿದ ಮೇಲೆ ಸುತ್ತಿ ಬಂದು ಮೀನು ಬಾಚುತ್ತಾನೆ. ಎಸೆಯುವ ಮೊದಲು ನೋಡುವುದಿಲ್ಲ. ನೋಡುತ್ತ ನಿಂತರೆ ಒಡೆಯನ ಕೈಗೆ ಸಿಕ್ಕಿಬೀಳುತ್ತಾನೆ. ಇದು ಊರಿನ ಪ್ರತಿಯೊಬ್ಬನಿಗೂ ಗೊತ್ತು. ಮನೆಯಲ್ಲಿ ಮೀನಿನ ಬೆನ್ನೆಲುಬು ತುಂಡು ತುಂಡಾಗಿ ಬಂದರೆ ಇದು ಜಿಲೆಟಿನ್ ಮೀನು ಎಂದು ಗೊಣಗಿಕೊಂಡೇ ತಿನ್ನುತ್ತೇವೆ. ನಿಮ್ಮ ಕಚೇರಿಯ ಗುರುವಾರದ ಊಟದಲ್ಲಿ ಬೆನ್ನೆಲುಬು ಹೇಗಿರುತ್ತದೆ, ಮಾನ್ಯರೇ?

ಗೈತ್ ಇದನ್ನು ಹೇಳಲೆಂದೇ ನಿಮ್ಮ ಕಚೇರಿಗೆ ಬಂದಿದ್ದ. ನಾನೂ ಜೊತೆಗಿದ್ದೆ. ಹಳದಿ ಮಾಡಿ, ಗುಲಾಬಿ ಮಾಡಿ, ಬೇರೆ ಯಾವ ಬಣ್ಣವಾದರೂ ಸರಿ ಎಂದು ಬೇಡಿಕೊಂಡ. ನಿಮ್ಮ ಗುಮಾಸ್ತ ತಲೆ ಎತ್ತದೆ ಹೇಳಿದ ಮಾತು ನನಗೆ ಅಕ್ಷರ ಬಿಡದೆ ನೆನಪಿದೆ: "ಜಿಲೆಟಿನ್ ನಿಷೇಧ ಆಗಿದೆ ಕಣಪ್ಪ. ನಿಷೇಧ ಆದದ್ದು ಸಮುದ್ರದಲ್ಲಿ ಇರಲ್ಲ. ಇಲ್ಲದ್ದಕ್ಕೆ ಹೆದರಿ ಸಾಹೇಬರ ಆದೇಶ ತಿದ್ದೋಕಾಗುತ್ತಾ?"

ಹೊರಗೆ ಬಂದ ಮೇಲೆ ಇಬ್ಬರಿಗೂ ಜಗಳವಾಯಿತು. ನಾನು ಚೀಲ ಕಟ್ಟುವುದಿಲ್ಲ ಎಂದೆ. ಅವನು ಕಟ್ಟುತ್ತೇನೆ ಎಂದ. ಎಲ್ಲರೂ ತಮಗೆ ಬೇಡದ ಕಾನೂನನ್ನು ಮುರಿದೇ ಈ ದೇಶ ಈ ಗತಿಗೆ ಬಂದಿದೆ ಎಂಬುದು ಅವನ ವಾದ. ಮೂರ್ಖ ಕಾನೂನನ್ನೂ ಪಾಲಿಸುತ್ತ, ಪಾಲಿಸುತ್ತಲೇ ಬದಲಿಸಲು ಕೇಳಬೇಕಂತೆ. ಅಂಥ ನಾಗರಿಕ ನಿಮಗೆ ಈ ಊರಿನಲ್ಲಿ ಒಬ್ಬನೇ ಇದ್ದ. ಅವನು ಚೀಲ ಕಟ್ಟಿಕೊಂಡ. ನಾನು ಕಟ್ಟಲಿಲ್ಲ. ಅವನು ಮಣ್ಣಿನಲ್ಲಿದ್ದಾನೆ, ನಾನು ಪತ್ರ ಬರೆಯುತ್ತಿದ್ದೇನೆ.

ಆ ಶುಕ್ರವಾರ ಮುಂಜಾನೆಯ ಫಜರ್ ನಮಾಜು ಮುಗಿಸಿ ಇಬ್ಬರೂ ನೀರಿಗಿಳಿದೆವು. ಮುಳುಗಿದ ಹಡಗಿನ ಕಂಬ ಇದೆಯಲ್ಲ, ಅಲ್ಲಿ ತಿರುಗಿ ವಾಪಸು ಬರುವುದು ವಾಡಿಕೆ. ಗೈತ್ ಯಾವಾಗಲೂ ನನಗಿಂತ ಮೊದಲು ಮುಟ್ಟುತ್ತಿದ್ದ, ಅಲ್ಲೇ ಕಾಲಾಡಿಸುತ್ತ ನನಗಾಗಿ ಕಾಯುತ್ತಿದ್ದ. ಈಜುವಾಗ ಚೀಲ ಚಲಿಸುತ್ತದೆ. ಕಾಯುವಾಗ ಅದು ನಿಂತ ಕಡೆಯೇ ನಿಂತಿರುತ್ತದೆ, ಗೋಣಿಯ ಮೇಲಿನ ಡಬ್ಬಿಯ ಹಾಗೆ. ಅವನದು ಕಪ್ಪು ಟೋಪಿ. ಅಲೆಗಳ ನಡುವೆ ಕಾಣುತ್ತಿದ್ದದ್ದು ನಿಮ್ಮ ಕಿತ್ತಳೆ ಬಣ್ಣ ಒಂದೇ.

ನನಗೆ ಮೋಟಾರಿನ ಸದ್ದು ನೀರಿನೊಳಗೆ ಕೇಳಿಸಿತು. ಆಮೇಲೆ ಯಾರೋ ಕಬ್ಬಿಣದ ಬಾಗಿಲನ್ನು ನನ್ನ ಹೊಟ್ಟೆಗೆ ಅಪ್ಪಳಿಸಿದ ಹಾಗಾಯಿತು. ಕಿವಿಯಲ್ಲಿ ಬಿಸಿ ಹರಿಯಿತು. ತಲೆ ಎತ್ತಿದಾಗ ಮುಂದೆ ನೀರು ಕಂಬದ ಹಾಗೆ ಎದ್ದು ಕುಸಿಯುತ್ತಿತ್ತು. ಈಜಿದೆ. ಸುತ್ತಲೂ ಮೀನುಗಳು ಹೊಟ್ಟೆ ಮೇಲಾಗಿ ಏಳತೊಡಗಿದವು, ಬಿಳಿ ಬಿಳಿ, ಕೆಲವು ಇನ್ನೂ ಬಾಯಿ ತೆರೆಯುತ್ತಿದ್ದವು. ಅವುಗಳ ನಡುವೆ ಗೈತ್ ಬೆನ್ನ ಮೇಲೆ ತೇಲುತ್ತಿದ್ದ. ಅವನ ಬಾಯಲ್ಲೂ ಮೂಗಲ್ಲೂ ಕೆಂಪು ನೊರೆ. ಚೀಲ ಹರಿದಿತ್ತು, ಹಗ್ಗ ಸೊಂಟದಲ್ಲೇ ಇತ್ತು. ನಾನು ಅವನ ಗಲ್ಲ ಹಿಡಿದು ಹೆಸರು ಕೂಗಿದೆ. ಅವನ ಕಣ್ಣು ನನ್ನತ್ತ ತಿರುಗಿತು, ಆಮೇಲೆ ತಿರುಗಲಿಲ್ಲ.

ದೋಣಿ ಸುತ್ತಿ ಬಂತು. ಅದರಲ್ಲಿ ಇಬ್ಬರಿದ್ದರು. ಚುಕ್ಕಾಣಿಯಲ್ಲಿ ಶುಯೇಬ್, ನಮ್ಮೂರಿನವನೇ. ಬಲೆ ಹಿಡಿದು ಬಾಗಿದವನು ಅವನ ಹೆಂಡತಿಯ ತಮ್ಮ. ಆ ಹುಡುಗ ನಮ್ಮನ್ನು ನೋಡಿ ಬಲೆಯನ್ನು ನೀರಿಗೆ ಬಿಟ್ಟುಬಿಟ್ಟ. ಶುಯೇಬ್ ಬಟ್ಟೆ ಸಮೇತ ಹಾರಿದ. ಮೂವರೂ ಸೇರಿ ಗೈತ್‌ನನ್ನು ಮೇಲೆತ್ತಿದೆವು. ದಡದವರೆಗೂ ಶುಯೇಬ್ ಒಂದೇ ಮಾತು ಆಡುತ್ತಿದ್ದ: "ಮುಸ್ತಾರಿಯ ಡಬ್ಬಿ ಅಂದ್ಕೊಂಡೆ ಕಣೋ. ಮುಸ್ತಾರಿಯ ಡಬ್ಬಿ ಅಂದ್ಕೊಂಡೆ." ಮುಸ್ತಾರಿ ಆ ಕಡೆ ಗೋಣಿ ಇಳಿಬಿಡುವ ಇನ್ನೊಬ್ಬ ಮೀನುಗಾರ.

ನಾನು ಸುಳ್ಳು ಬರೆಯುವುದಿಲ್ಲ, ಆದ್ದರಿಂದ ಇದನ್ನೂ ಬರೆಯುತ್ತೇನೆ. ದೋಣಿಯಲ್ಲಿ ಮೊದಲೇ ಮೀನಿತ್ತು. ಗೈತ್‌ನನ್ನು ಮೀನಿನ ಮೇಲೆಯೇ ಮಲಗಿಸಿದೆವು, ಬೇರೆ ಜಾಗವಿರಲಿಲ್ಲ. ಕಟ್ಟೆಗೆ ಬಂದಾಗ ಅವನನ್ನು ಇಳಿಸಿಕೊಳ್ಳುತ್ತಿದ್ದ ಜನರ ಹಿಂದಿನಿಂದ ಯಾರೋ ಒಬ್ಬ, ಆ ಮೀನು ಮಾರಾಟಕ್ಕಿದೆಯಾ ಎಂದು ಕೇಳಿದ. ಅಷ್ಟರಲ್ಲಿ ಗೈತ್‌ನ ಅಣ್ಣ ವನೀಸ್ ಓಡಿ ಬಂದ. ದೋಣಿಯ ಹುಟ್ಟನ್ನು ಎಳೆದುಕೊಂಡು ಶುಯೇಬ್‌ನ ಹೆಗಲಿಗೆ ಬೀಸಿದ. ಮೂಳೆ ಮುರಿದದ್ದು ನನ್ನ ಸರಿಯಿರುವ ಕಿವಿಗೆ ಕೇಳಿಸಿತು. ಶುಯೇಬ್ ಕೈ ಅಡ್ಡ ಹಿಡಿಯಲಿಲ್ಲ. ಎರಡನೇ ಏಟು ಬೆನ್ನಿಗೆ ಬಿತ್ತು. ಮೂರನೆಯದಕ್ಕೆ ಹುಟ್ಟು ಮುರಿಯಿತು. ಶುಯೇಬ್‌ನ ಹೆಂಡತಿಯ ತಮ್ಮನನ್ನು ಜನ ಕೆಡವಿ ತುಳಿಯುತ್ತಿದ್ದರು, ಅವನ ಹಲ್ಲು ಸಿಮೆಂಟಿನ ಮೇಲೆ ಬಿದ್ದಿತ್ತು. ಇಷ್ಟೆಲ್ಲ ನಡೆದದ್ದು ನಿಮ್ಮ ಕಚೇರಿಯ ಕಿಟಕಿಯ ಕೆಳಗೆ. ಕಿಟಕಿ ಮೊದಲು ತೆರೆದಿತ್ತು. ಆಮೇಲೆ ಮುಚ್ಚಿತು.

ಮೂರನೆಯ ದಿನ ಸಾವಿನ ಮನೆಯ ಡೇರೆಗೆ ಶುಯೇಬ್ ಬಂದ. ಕೈ ಕುತ್ತಿಗೆಗೆ ಕಟ್ಟಿತ್ತು, ಜೊತೆಗೆ ಅವನ ಕುಲದ ಹಿರಿಯರಿದ್ದರು. ನಮ್ಮ ಪದ್ಧತಿ ನಿಮಗೆ ತಿಳಿಯದ್ದಲ್ಲ. ಕೊಂದವನು ತಾನೇ ಬಂದು, ಎಲ್ಲರೆದುರು, ಕೊಂದೆ ಎನ್ನಬೇಕು. ಹಾಗೆ ಅಂದರೆ ಮಾತ್ರ ರಕ್ತಕ್ಕೆ ರಕ್ತ ಎಂಬುದು ಅಲ್ಲಿಗೆ ನಿಲ್ಲುತ್ತದೆ. ಅವನು ಅಂದ. ಕಳ್ಳತನಕ್ಕೆ ಹೋಗಿದ್ದೆ, ನಾನೇ ಎಸೆದೆ ಅಂದ. ಜಿಲೆಟಿನ್ ಬಂದರಿನ ಹಿಂದಿನ ಹಳೆಯ ಮದ್ದಿನ ಮನೆಯಿಂದ ಬಂತು ಎಂದೂ ಹೇಳತೊಡಗಿದ. ಆ ಮನೆಗೆ ಬೀಗ ನಿಮ್ಮದು. ಬಾಗಿಲು ತೆಗೆದವರು ಯಾರೆಂದು ನಾನು ನೋಡಿಲ್ಲ, ನೋಡಿಲ್ಲದ್ದನ್ನು ಹೇಳುವುದಿಲ್ಲ. ಆದರೆ ಶುಯೇಬ್ ಆ ಮಾತು ಎತ್ತಿದ ಕೂಡಲೇ ಚಹಾದ ಲೋಟವನ್ನು ಕೆಳಗಿಟ್ಟವರು ನೀವು. ಇದು ದುಃಖದ ಮನೆ, ವಿಚಾರಣೆಯ ಮನೆಯಲ್ಲ ಎಂದಿರಿ. ಮುಳುಗಿ ಸತ್ತವನು ಹುತಾತ್ಮನ ಸಮಾನ, ಸ್ವರ್ಗ ಖಂಡಿತ, ಇದನ್ನು ನೆನೆದು ಸಮಾಧಾನ ಮಾಡಿಕೊಳ್ಳಿ ಎಂದು ಗೈತ್‌ನ ಅಪ್ಪ ಹಾಜಿ ಬುಶ್‌ನಾಫರ ಕೈ ಹಿಡಿದುಕೊಂಡಿರಿ.

ಹಾಜಿ ತಮ್ಮ ಕೈ ಬಿಡಿಸಿಕೊಂಡರು. "ಸಾಹೇಬ್ರೇ, ನನ್ನ ಮಗ ಸ್ವರ್ಗಕ್ಕೆ ಹೋಗೋದನ್ನ ದೇವರು ನೋಡ್ಕೋತಾನೆ. ಹೇಗೆ ಸತ್ತ ಅನ್ನೋದನ್ನ ನೀವು ಸರಿಯಾಗಿ ಬರೀರಿ," ಎಂದರು. "ಈಜೋಕಾಗದೆ ಮುಳುಗಿದ ಅಂತ ಮಾತ್ರ ಬರೀಬೇಡಿ."

ನೀವು ಅದನ್ನೇ ಬರೆದಿರಿ.

ಕೊಂದವನು ಒಪ್ಪಿಕೊಂಡಿದ್ದಾನೆ. ಸತ್ತವನ ಅಪ್ಪ ಆ ಮಾತು ಕೇಳಿದ್ದಾರೆ. ಇಡೀ ಡೇರೆ ಸಾಕ್ಷಿ. ಹಾಗಿದ್ದರೆ ಈ ಊರಿನಲ್ಲಿ ಗೈತ್‌ನನ್ನು ಕೊಂದದ್ದು ಏನೆಂದು ಗೊತ್ತಿಲ್ಲದವರು ನೀವೊಬ್ಬರೇ ಹೇಗಾದಿರಿ? ಶುಯೇಬ್‌ನನ್ನು ಜೈಲಿಗೆ ಹಾಕಿದರೆ ಅವನು ಮದ್ದಿನ ಮನೆಯ ಮಾತನ್ನು ಪೂರ್ತಿ ಮಾಡುತ್ತಾನೆಂಬ ಭಯವೇ? ಅವನನ್ನು ಮನೆಗೆ ಕಳಿಸಿ, ಬಾಯಿ ಮುಚ್ಚಿಕೊಂಡಿರು ಎಂದಿದ್ದೀರಂತೆ. ಶಿಕ್ಷೆಗೆ ತಯಾರಾಗಿ ಬಂದವನಿಗೆ ಶಿಕ್ಷೆ ನಿರಾಕರಿಸುವ ಸರ್ಕಾರವನ್ನು ನಾನು ಬೇರೆಲ್ಲೂ ಕೇಳಿಲ್ಲ.

ಬದಲಿಗೆ ನೀವು ಶಿಕ್ಷೆ ಕೊಟ್ಟದ್ದು ನೀರಿನಲ್ಲಿದ್ದವರಿಗೆ. ಮೀನು ಮಾರುಕಟ್ಟೆಯ ಗೋಡೆಯಲ್ಲಿ ನಿಮ್ಮ ಹೊಸ ನೋಟಿಸು ಇದೆ: ಸಾರ್ವಜನಿಕರ ಸುರಕ್ಷತೆಗಾಗಿ ಅಲೆತಡೆ ಗೋಡೆಯಾಚೆ ಈಜುವುದನ್ನು ನಿಷೇಧಿಸಲಾಗಿದೆ. ನಿಮ್ಮ ಸಿಪಾಯಿ ಅದನ್ನು ಅಂಟಿಸುವಾಗ ನಾನು ಅಲ್ಲೇ ಇದ್ದೆ. ಸಮುದ್ರದ ಕಡೆಯಿಂದ ಜಿಲೆಟಿನ್ ಸಿಡಿದ ಗುಡುಗು ಬಂತು. ಅವನ ಗೋಂದಿನ ಬಟ್ಟಲು ಅಲುಗಿತು. ಅವನು ಆ ಕಡೆ ತಿರುಗಿಯೂ ನೋಡದೆ ನೋಟಿಸಿನ ಮೂಲೆಗಳನ್ನು ಒತ್ತಿದ. ನಿಮ್ಮ ಗುಮಾಸ್ತ ಹೇಳಿದ್ದು ನಿಜವಾದರೆ, ಇನ್ನು ಮೇಲೆ ಸಮುದ್ರದಲ್ಲಿ ಈಜುಗಾರರೂ ಇರುವುದಿಲ್ಲ, ನಿಷೇಧವಾಯಿತಲ್ಲ.

ಮೊನ್ನೆ ನಿಮ್ಮವನೊಬ್ಬ ನನ್ನ ಅಂಗಡಿಗೆ ಗಾಳಿ ತುಂಬಿಸಲು ಬಂದ. ನಾಲ್ಕು ಟಯರಿಗೂ ತುಂಬಿಸಿಕೊಂಡ. ಹೋಗುವಾಗ, "ನೀನೂ ಅದೇ ನೀರಲ್ಲಿ ಈಜೋನು ತಾನೇ, ತಮ್ಮಾ? ಹುಷಾರು," ಎಂದ. ನನ್ನ ಕೈಯಲ್ಲಿ ಟಯರ್ ಬಿಚ್ಚುವ ಹಾರೆಯಿತ್ತು. ಅವನ ತಲೆ ಎಷ್ಟು ಹತ್ತಿರವಿತ್ತು, ಎಷ್ಟು ಸುಲಭವಾಗಿ ಒಡೆಯುತ್ತಿತ್ತು ಎಂಬುದು ನನಗೆ ಸ್ಪಷ್ಟವಾಗಿ ಕಂಡಿತು. ಒಡೆಯಬೇಕೆನಿಸಿತು. ಈಗಲೂ ಅನಿಸುತ್ತದೆ. ಒಡೆಯದೆ ಬಿಟ್ಟದ್ದು ನನ್ನ ಒಳ್ಳೆಯತನದಿಂದ ಎಂದು ತಿಳಿಯಬೇಡಿ. ನಾನು ಒಳಗೆ ಹೋದರೆ, ಗೈತ್ ಹೇಗೆ ಸತ್ತನೆಂದು ನೀರಿನಿಂದ ನೋಡಿದವನು ಹೊರಗೆ ಒಬ್ಬನೂ ಉಳಿಯುವುದಿಲ್ಲ. ಅಷ್ಟೇ ಕಾರಣ.

ನಾನು ಕೇಳುವುದು ಇಷ್ಟು. 'ಮುಳುಗಿ' ಎಂಬ ಪದವನ್ನು ಹೊಡೆದುಹಾಕಿ 'ಸಿಡಿಮದ್ದಿನಿಂದ' ಎಂದು ಬರೆಯಿರಿ. ಬರೆದ ಕಾಗದವನ್ನು ಹಾಜಿಯವರ ಮನೆಗೆ ನೀವೇ ನಡೆದು ಹೋಗಿ ಕೊಡಿ. ಹಾಗೆ ಬರೆದರೆ ಮದ್ದು ಎಲ್ಲಿಂದ ಬಂತೆಂದು ಯಾರಾದರೂ ಕೇಳಲೇಬೇಕಾಗುತ್ತದೆ, ಅದು ನನಗೆ ಗೊತ್ತು. ಅದಕ್ಕೇ ಕೇಳುತ್ತಿದ್ದೇನೆ.

ಶುಕ್ರವಾರದವರೆಗೆ ಕಾಯುತ್ತೇನೆ. ನೀವು ಬರೆದರೂ ಬರೆಯದಿದ್ದರೂ ಅಕ್ಟೋಬರಿನಲ್ಲಿ ಸ್ಪರ್ಧೆಯಿದೆ, ನಾನು ಈಜಲೇಬೇಕು. ಆ ಶುಕ್ರವಾರ ಬೆಳಿಗ್ಗೆ ಅಲೆತಡೆ ಗೋಡೆಯಿಂದ ಇಳಿದು ಹಡಗಿನ ಕಂಬದವರೆಗೆ ಹೋಗುತ್ತೇನೆ. ಪಕ್ಕದಲ್ಲಿ ಒಂದು ದೋಣಿ ಬರುತ್ತದೆ. ಶುಯೇಬ್ ತಾನೇ ಕೇಳಿಕೊಂಡ. ಒಂದು ಕೈಯಲ್ಲಿ ನಡೆಸಲಾಗುವುದಿಲ್ಲವಾದ್ದರಿಂದ ಚುಕ್ಕಾಣಿ ವನೀಸ್ ಹಿಡಿಯುತ್ತಾನೆ. ಅವರಿಬ್ಬರೂ ಇನ್ನೂ ಮಾತಾಡುವುದಿಲ್ಲ, ಆದರೆ ಒಂದೇ ದೋಣಿಯಲ್ಲಿ ಕೂರಲು ಒಪ್ಪಿದ್ದಾರೆ. ಊರಿನವರು ಗೋಡೆಯ ಮೇಲೆ ನಿಂತು ನೋಡುತ್ತೇವೆಂದಿದ್ದಾರೆ.

ನಿಮ್ಮ ನಿಷೇಧ ಮುರಿದವನನ್ನು ಹಿಡಿಯಲು ನಿಮ್ಮ ದೋಣಿಯೂ ಬರಬೇಕಲ್ಲ? ಬನ್ನಿ. ಬರುವ ದಾರಿಯಲ್ಲಿ ಜಿಲೆಟಿನ್ ಇಟ್ಟುಕೊಂಡ ದೋಣಿಗಳು ನಿಮಗೆ ಎಡಕ್ಕೂ ಬಲಕ್ಕೂ ಸಿಗುತ್ತವೆ. ಅವುಗಳ ನಡುವೆಯೇ ಹಾದು ನನ್ನ ಹತ್ತಿರ ಬರಬೇಕಾಗುತ್ತದೆ. ಅವುಗಳನ್ನು ಬಿಟ್ಟು ನನ್ನನ್ನೇ ಹಿಡಿಯುವುದಾದರೆ ಹಿಡಿಯಿರಿ. ನಾನು ಓಡಿಹೋಗುವುದಿಲ್ಲ, ಈಜುತ್ತಿರುತ್ತೇನೆ.

ಇಂತಿ,
ನಿಮ್ಮ ಆದೇಶ ಪಾಲಿಸದೆ ಬದುಕಿ ಉಳಿದ
ಸಾಲ್ಹೀನ್
ಬೆನ್‌ಗಾಝಿ ರಸ್ತೆಯ ಟಯರ್ ಅಂಗಡಿ